ಇಂಗ್ ಹಚ್ಚಿದ ಮಾಸ್ತರರು

ಬಸಣ್ಣ ಮಾಸ್ತರರ ಎರಡೂ ಕಿವಿಗಳು ಮುರಿದಿದ್ದವು. ಹರಿದಿರಲಿಲ್ಲ, ಒಣಗಿದ ಅಂಜೂರದ ಹಾಗೆ ಮುದುಡಿ ತಲೆಗೆ ಅಂಟಿಕೊಂಡಿದ್ದವು. ಅಫಜಲಪುರಕ್ಕೆ ಹೊಸದಾಗಿ ಬಂದವರು ಅವರನ್ನು ನೋಡಿ, ಪಾಪ, ಚಿಕ್ಕಂದಿನಲ್ಲಿ ಯಾವ ಮಾಸ್ತರ ಈ ಮನುಷ್ಯನ ಕಿವಿಯನ್ನು ಹೀಗೆ ಹಿಂಡಿದನೋ ಎಂದು ಮರುಗುತ್ತಿದ್ದರು. ಅವರೇ ಈಗ ಮಾಸ್ತರರು, ಅದೂ ಇಂಗ್ಲಿಷ್ ಕಲಿಸುವವರು ಎಂದು ತಿಳಿದ ಮೇಲೆ ಮರುಕವೆಲ್ಲ ಭಯವಾಗುತ್ತಿತ್ತು.

ಕಿವಿ ಮುರಿದದ್ದು ಕುಸ್ತಿಯಲ್ಲಿ. ಹರೆಯವನ್ನೆಲ್ಲ ಅವರು ಸೋಲಾಪುರದಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ಕಳೆದಿದ್ದರು. ನಮ್ಮ ಕಡೆ ಗರಡಿಮನೆಗೆ ತಾಲೀಮು ಎನ್ನುತ್ತಾರೆ. ಆಗ ನಿಜಾಮರ ರಾಜ್ಯ. ಶಾಲೆಗಳನ್ನು ನಡೆಸುವ ಖಾತೆಯ ಹೆಸರು ತಾಲೀಮಾತ್. ಪೈಲ್ವಾನಗಿರಿ ಬಿಟ್ಟು ಮಾಸ್ತರಿಕೆಗೆ ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ ಮಾಸ್ತರರು ಮೀಸೆಯೊಳಗೇ ನಗುತ್ತಿದ್ದರು. “ನಾ ಏನೂ ಧಂದೆ ಬದಲ್ ಮಾಡಿಲ್ರಿ. ತಾಲೀಮಿನಿಂದ ತಾಲೀಮಾತಿಗೆ ಬಂದೇನಿ, ಅಷ್ಟ. ಅಲ್ಲೂ ಮಂದೀನ ಕೆಡವತಿದ್ದೆ, ಇಲ್ಲೂ ಪರೀಕ್ಷಾದಾಗ ಕೆಡವತೇನಿ.”

ಅವರು ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಾಗ ನನಗೆ ಹದಿನಾರು ತುಂಬಿತ್ತು. ಜನಾನಾ ಶಾಲೆಯಲ್ಲಿ, ಅಂದರೆ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ, ಇದ್ದಷ್ಟು ಓದು ಮುಗಿಸಿ ಮನೆಯಲ್ಲಿದ್ದೆ. ಮದುವೆಯಾಗಿರಲಿಲ್ಲ. ನೋಡಲು ಬಂದವರು ಮೊದಲು ಕೇಳುತ್ತಿದ್ದದ್ದು ಹೆಸರನ್ನು, ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದದ್ದೂ ಅದೇ. ಪಾರ್ವತಿ. ‘ಪ’, ‘ಬ’ಗಳಂತೆ ತುಟಿ ಒತ್ತಿ ಬಿಡಬೇಕಾದ ಅಕ್ಷರ ಬಂದರೆ ಸಾಕು, ಕೂಡಿದ ತುಟಿ ಮತ್ತೆ ಬಿಚ್ಚುತ್ತಿರಲಿಲ್ಲ. ಕೆನ್ನೆ ಬಿಗಿದು, ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿ ನಾನು “ಪ... ಪ...” ಎನ್ನುತ್ತಿದ್ದರೆ ಬಂದವರು ಅವಲಕ್ಕಿಯ ತಟ್ಟೆಯ ಕಡೆ ನೋಡುತ್ತ ಕುಳಿತಿರುತ್ತಿದ್ದರು. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋದವರು ಯಾರೂ ತಿಳಿಸಲಿಲ್ಲ.

ಒಂದು ಬೆಳಿಗ್ಗೆ ಎಮ್ಮೆ ಹಿಂಡುತ್ತಿದ್ದೆ. ತಂಬಿಗೆ ತುಂಬುತ್ತ ಬಂದಿತ್ತು. ಎಮ್ಮೆ ಒದ್ದು ಅಷ್ಟೂ ಹಾಲನ್ನು ಚೆಲ್ಲಿತು. ನನಗೆ ಸಿಟ್ಟು ಬಂತು.

“ಏ ಗೌರೀ, ಹಾಳಾದಾಕಿ, ಒದಿತೀ? ನಿನ್ನ ಕಾಲಿಗೆ ಹುಣ್ಣ ಹತ್ಲಿ! ನಸುಕಿನ್ಯಾಗ ಎದ್ದು ಹತ್ತಿಕಾಳು ರುಬ್ಬಿ ತಿನಸ್ತೇನಿ, ತಿನ್ನೂ ಮುಂದ ಬಾಯಿ ಮುಂದ, ಕೊಡೂ ಮುಂದ ಕಾಲು ಮುಂದ!”

ನಡುವಿನ ಗೋಡೆಯ ಮೇಲೆ ಒಂದು ತಲೆ ಎದ್ದಿತು. ಮೊದಲು ಕಂಡದ್ದು ಆ ಕಿವಿಗಳು, ಆಮೇಲೆ ಬಾಯಲ್ಲಿದ್ದ ಬೇವಿನ ಕಡ್ಡಿ.

“ಯಾರ ಬೇ ಅದು, ಬೈಯಾಕತ್ತಾಕಿ? ನಿನ್ನ ಹೆಸರೇನು?”

ಮುಗಿಯಿತು. ತುಟಿ ಕಚ್ಚಿಕೊಂಡಿತು. ಉಳಿದವರಾಗಿದ್ದರೆ ಅಷ್ಟರಲ್ಲಿ “ಪಾರವ್ವ ಅಂತಿಯೇನು?” ಎಂದು ನನ್ನ ಮಾತನ್ನು ಕಿತ್ತುಕೊಂಡು ತಾವೇ ಮುಗಿಸಿಬಿಡುತ್ತಿದ್ದರು. ಕರುಣೆಯಿಂದಲೇ ಹಾಗೆ ಮಾಡುತ್ತಿದ್ದರು, ಆದರೆ ಪ್ರತಿ ಸಲವೂ ನನ್ನ ತಟ್ಟೆಯ ಅನ್ನ ಬೇರೆಯವರು ಉಂಡಂತಾಗುತ್ತಿತ್ತು. ಈ ಮನುಷ್ಯ ಮಾತ್ರ ಬೇವಿನ ಕಡ್ಡಿ ಜಗಿಯುತ್ತ ನಿಂತರು. ನನ್ನ ಹೆಸರು ಪೂರ್ತಿ ಹೊರಗೆ ಬರುವ ತನಕ ನಿಂತರು.

“ಪಾರ್ವತಿ. ಹ್ಞಾಂ. ಎಮ್ಮಿ ಹೆಸರು ಗೌರಿ ಏನು?”

“ಹೌದ್ರಿ.”

“ನಮ್ಮನಿಯಾಕಿ ಹೆಸರೂ ಗೌರಮ್ಮ. ಒಳಗ ರೊಟ್ಟಿ ಬಡಿಯೂದು ನಿಂದ್ರಿಸಿ, ತನಗ ಯಾರೋ ಬೈಯಾಕತ್ತಾರ ಅಂತ ಕುಂತಾಳ. ನಾಳಿಂದ ಜರಾ ಸಣ್ಣ ದನೀಲೆ ಬೈ.”

ಅಂದು ಸಂಜೆಯೇ ಅವರು ನಮ್ಮಪ್ಪನ ಬಟ್ಟೆ ಅಂಗಡಿಗೆ ಹೋದರು. “ಹುಡುಗಿ ಬಾಯಿಗೆ ಏನೂ ಆಗಿಲ್ರಿ. ಎಮ್ಮಿಗೆ ಬೈತಾಳ, ಕಟ್ಟಿ ಒಡದ ನೀರಿನಂಗ. ಜನಾನಾ ಶಾಲಿಗೆ ಇಂಗ್ಲಿಷ್ ಅಕ್ಷರ ಬಲ್ಲ ಉಸ್ತಾನಿ ಬೇಕು, ಪಾಠ ಹೇಳಾಕಿ, ಅಂತ ಸುದ್ದಿ ಅದ. ಸಂಜಿ ಮುಂದ ನಮ್ಮ ಕಟ್ಟಿಗೆ ಕಳಸ್ರಿ, ನಾ ಕಲಸ್ತೇನಿ.”

ಅಪ್ಪ ಗಜಕೋಲು ಕೆಳಗಿಟ್ಟ. “ಏನ್ ಚಾಷ್ಟಿ ಮಾಡಾಕತ್ತೀರಿ ಮಾಸ್ತರ? ಕನ್ನಡನ ಬಾಯಾಗಿಂದ ಬರವಲ್ದು, ಇಂಗ್ಲಿಷ್ ಎಲ್ಲಿಂದ ಬರ್ತದ?”

“ಅದಕ್ಕ ಅನ್ನಾಕತ್ತೇನಿ. ಕನ್ನಡದಾಗ ತೊದಲಿದ್ರ ಮಂದಿ ನಗತಾರ. ಇಂಗ್ಲಿಷಿನ್ಯಾಗ ತೊದಲಿದ್ರ ಈ ಊರಾಗ ಯಾರಿಗೆ ಗೊತ್ತಾಗ್ತದ್ರಿ?”

ಅಪ್ಪ ಗಜಕೋಲು ಮತ್ತೆ ಎತ್ತಿಕೊಂಡು, “ಆಗ್ಲಿ, ಕಳಸ್ತೇನಿ” ಎಂದ. ಹೀಗೆ ನನ್ನ ಇಂಗ್ಲಿಷ್ ಶುರುವಾಯಿತು.

ಎಬಿಸಿಡಿ ಮುಗಿದ ಕೂಡಲೇ ಅವರು ಕಲಿಸಿದ ಶಬ್ದ ‘ಟ್ರೈ’. ಇಂಗ್ಲಿಷಿನ ಇಡೀ ಮನೆ ಈ ಒಂದು ಕಂಬದ ಮೇಲೆ ನಿಂತಿದೆ ಎಂಬುದು ಅವರ ನಂಬಿಕೆ. ಅವರು ಕಲಿಸುತ್ತಿದ್ದ ಗಂಡುಹುಡುಗರ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಹುಡುಗರು “ಟ್ರೈ ಮಾನೆ ಕೋಶಿಶ್ ಕರ್ನಾ”, ಅಂದರೆ ಪ್ರಯತ್ನ ಮಾಡುವುದು, ಎಂದು ಒಂದೇ ರಾಗದಲ್ಲಿ ಕೂಗುವುದು ನಮ್ಮ ಓಣಿಯ ತನಕ ಕೇಳುತ್ತಿತ್ತು. ಮಾಸ್ತರರಿಗೆ ಅದು ಸೇರುತ್ತಿರಲಿಲ್ಲ. “ಕೋಶಿಶ್ ಅಂದ್ಬಿಟ್ರ ಆತೇನು? ಇದಕ್ಕ ಎರಡು ಬಾಲ ಅದಾವ. ಟೂ ಒಂದು, ಇಂಗ್ ಒಂದು. ಯಾವ ಬಾಲ ಹಿಡಿತಿ ಅನ್ನೂದರ ಮ್ಯಾಲ ಎತ್ತು ಬೇರೆ ಕಡೆ ಹೋಗ್ತದ.”

ಈ ಜ್ಞಾನ ಅವರಿಗೆ ಬಂದದ್ದು ಒಂದು ಮೆಟ್ಟಿಲ ಮೇಲೆ. ಸೋಲಾಪುರದಲ್ಲಿ ಅವರ ತಾಲೀಮಿನ ಎದುರು ಒಬ್ಬ ಮುದುಕ ಸಾಹೇಬನಿದ್ದನಂತೆ. ಯಾವುದೋ ಶಾಲೆಯಲ್ಲಿ ಕಲಿಸಿ ನಿವೃತ್ತನಾದವನು. ಮೊಣಕಾಲು ಸೋತಿದ್ದರಿಂದ ಅವನನ್ನು ಬೆಳಿಗ್ಗೆ ಮಾಳಿಗೆಯಿಂದ ಇಳಿಸುವುದು, ಸಂಜೆ ಹತ್ತಿಸುವುದು ಹರೆಯದ ಬಸಣ್ಣನ ಕೆಲಸ. ಅದರ ಬದಲಿಗೆ ಅವನು ಇಂಗ್ಲಿಷ್ ಕಲಿಸುತ್ತಿದ್ದ. ಈ ಕಥೆಯನ್ನು ಮಾಸ್ತರರು ಹೇಳುವಾಗ ನಾವು ಎಷ್ಟು ಸಲ ಕೇಳಿದ್ದರೂ ಬಾಯಿ ಮುಚ್ಚಿಕೊಂಡು ಕೇಳಬೇಕು.

“ಒಂದಿನ ಬೆನ್ನ ಮ್ಯಾಲ ಹೊತಗೊಂಡು ನಾ ಶಾಣ್ಯಾನಂಗ ಅಂದೆ, ‘ಸರ್, ಐ ವಿಲ್ ಟ್ರೈ ಟು ಕ್ಯಾರಿ ಯು.’ ಮುದುಕ ಬೆನ್ನ ಮ್ಯಾಲಿಂದ ಜಿಗದು ಇಳದೇ ಬಿಟ್ಟ! ಯಾಕ್ರಿ ಸರ್ ಅಂದ್ರ, ‘ಟ್ರೈ ಟು ಅಂತಿ, ಅಂದ್ರ ಮ್ಯಾಲ ಮುಟ್ಟತೀ ಅಂತ ನಿನಗ ಖಾತ್ರಿ ಇಲ್ಲ. ನಡುವ ಮೆಟ್ಟಿಲ ಮ್ಯಾಲ ಕೈ ಬಿಟ್ರ ನನ್ನ ಗತಿ ಏನು?’ ಅಂದ. ಅಲ್ಲೇ ಮೆಟ್ಟಿಲ ಮ್ಯಾಲ ಕುಂತು ಪಾಠ ಮಾಡಿದ ನೋಡು.”

ಅಂಗಳದಲ್ಲಿ ಒಂದು ಗುಂಡುಕಲ್ಲಿತ್ತು. ಅವರು ಮುಂಜಾನೆ ಎತ್ತಿ ಇಳಿಸುವ ಕಲ್ಲು. ಅದರ ಮೇಲೆ ಕೈಯಿಟ್ಟು ಅವರು ವಿವರಿಸುತ್ತಿದ್ದರು. “ಟ್ರೈ ಟು ಲಿಫ್ಟ್ ಅಂದ್ರ ಎತ್ತಾಕ ಹೆಣಗು. ಎತ್ತತೀಯೋ ಇಲ್ಲೋ ದೇವರಿಗೆ ಗೊತ್ತು. ಟ್ರೈ ಲಿಫ್ಟಿಂಗ್ ಅಂದ್ರ, ಎತ್ತಿ ನೋಡು. ಎತ್ತೂದು ನಿನ್ನ ಕೈಯಾಗ ಅದ, ಎತ್ತಿದ್ರ ಏನಾಗ್ತದ ಅನ್ನೂದು ನೋಡಬೇಕು. ನಡ ನೋವು ಹೋಗ್ತದೇನೋ, ಹಸಿವಿ ಆಗ್ತದೇನೋ. ನಮ್ಮ ಭಾಷಾದಾಗ ಇದಕ್ಕ ‘ನೋಡು’ ಅದ. ತಿಂದು ನೋಡು, ಕುಡದು ನೋಡು, ಹಾಡಿ ನೋಡು. ಹಾಡೂದಕ್ಕೂ ಕಣ್ಣಿಗೂ ಏನ್ ಸಂಬಂಧ? ಏನೂ ಇಲ್ಲ. ಆದ್ರ ನಮ್ಮ ಅವ್ವಗೋಳು ಇಂಗ್ಲಿಷ್ ಬರದೇ ಇಂಗ್ ಹಚ್ಚಾಕತ್ತಾರ.”

ಟೂ ಹಚ್ಚಿದ ಟ್ರೈ ಬಗ್ಗೆ ಅವರಿಗೆ ದ್ವೇಷವಿರಲಿಲ್ಲ, ಸಂಶಯವಿತ್ತು. “ಕೊಲ್ಹಾಪುರದ ಪೈಲ್ವಾನನ ಸಂಗಡ ನಾ ಕುಸ್ತಿ ಹಿಡದಿದ್ದೆ. ಐ ಟ್ರೈಡ್ ಟು ಬೀಟ್ ಹಿಮ್. ಅಂದ್ರ ಏನು? ಬಿದ್ದೆ ಅಂತ ಅರ್ಥ. ಬಿದ್ದೆ ಅನ್ನಾಕ ನಾಚಿಗಿ ಆದ್ರ ಇಂಗ್ಲಿಷಿನವರು ಟ್ರೈಡ್ ಟು ಅಂತಾರ. ಮರ್ಯಾದಿ ಭಾಷಾ ಅದು.”

ಇದು ಶಾಲೆಯಿಂದ ಓಣಿಗೆ, ಓಣಿಯಿಂದ ಪೇಟೆಗೆ ಹಬ್ಬಿತು. “ನಾಳೆ ಬರಾಕ ಕೋಶಿಶ್ ಮಾಡ್ತೇನ್ರಿ” ಎಂದು ಯಾರಾದರೂ ಅಂದರೆ ಎದುರಿನವರು ಹುಬ್ಬು ಹಾರಿಸಿ “ಟೂ ಏನು, ಇಂಗ್ ಏನು?” ಎಂದು ಕೇಳುವಂತಾಯಿತು. ಗಾಣಗಾಪುರಕ್ಕೆ ಯಾತ್ರಿಕರನ್ನು ಒಯ್ಯುವ ಟಾಂಗಾದವನಿಗೂ ಇದು ಗೊತ್ತು. “ಮಳಿ ಬರೂಕಿಂತ ಮೊದ್ಲ ಹೊಳಿ ಮುಟ್ಟಸ್ತೀ ಏನಪಾ?” ಎಂದರೆ, “ಟೂ ಅದರಿ ಯಪ್ಪಾ, ಛತ್ರಿ ತೆಗದು ಇಟಗೋರಿ” ಎನ್ನುತ್ತಿದ್ದ.

ಮಾಸ್ತರರ ಹೆಂಡತಿಗೆ, ನಮ್ಮ ಗೌರಮ್ಮ ಕಾಕುವಿಗೆ, ಮಾತ್ರ ಈ ಗದ್ದಲ ಬೇರೆಯಾಗಿಯೇ ಕೇಳುತ್ತಿತ್ತು. ಒಂದು ಸಂಜೆ ಕಟ್ಟೆಯ ಮೇಲೆ ಮಾಸ್ತರರು ನನಗೆ “ಇಂಗ್ ಹಚ್ಚು, ಇಂಗ್ ಹಚ್ಚು” ಎಂದು ಕೂಗುತ್ತಿದ್ದಾಗ ಅವರು ಒಗ್ಗರಣೆಯ ಸೌಟು ಹಿಡಿದೇ ಹೊರಗೆ ಬಂದರು. “ಮನ್ಯಾಗ ಇಂಗು ತೀರಿ ಎಂಟು ದಿನ ಆತು. ತಂದು ಕೊಡ್ರಿ ಅಂದ್ರ ಕಿವ್ಯಾಗ ಹಾಕ್ಕೊಳ್ಳವಲ್ರಿ. ಊರ ಮಂದಿಗೆಲ್ಲ ಮಾತ್ರ ಇಂಗ್ ಹಚ್ಚಾಕತ್ತೀರಿ!”

ಮಾಸ್ತರರು ತಮ್ಮ ಕಿವಿ ಮುಟ್ಟಿಕೊಂಡು, “ಹಾಕ್ಕೊಳ್ಳಾಕ ಜಾಗ ಎಲ್ಲದ ಹೇಳು” ಎಂದರು.

ಅವರ ಕೋಟಿನ ಕಥೆಯೂ ಈ ಶಬ್ದಕ್ಕೇ ಸೇರಿದ್ದು. ನೌಕರಿ ಸಿಕ್ಕಾಗ ಸೋಲಾಪುರದ ಅಂಗಡಿಯಲ್ಲಿ ಕೋಟು ಕೊಳ್ಳಲು ಹೋದರಂತೆ. ಅಂಗಡಿಯವನು ಠೀವಿಯಿಂದ “ಟ್ರೈ ಇಟ್ ಆನ್” ಅಂದ. ತೊಟ್ಟು ನೋಡಿ ಎಂದರ್ಥ. ಇವರು ತೊಟ್ಟರು. ತೊಟ್ಟು, ಪೈಲ್ವಾನನ ಅಭ್ಯಾಸದಂತೆ ಒಮ್ಮೆ ತೋಳು ಬಿಗಿದರು. ಬೆನ್ನಿನ ಹೊಲಿಗೆ ಕುತ್ತಿಗೆಯಿಂದ ಸೊಂಟದ ತನಕ ಬಿಟ್ಟುಕೊಂಡಿತು. ಹರಿದದ್ದನ್ನೇ ತರಬೇಕಾಯಿತು. ಕಾಕು ಎಷ್ಟು ಸಲ ಹೊಲಿದರೂ ಅದು ಮತ್ತೆ ಬಾಯಿ ಬಿಡುತ್ತಿತ್ತು. ಹೀಗಾಗಿ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದಾಗಲೆಲ್ಲ ಮಾಸ್ತರರು ಅವರಿಗೆ ಬೆನ್ನು ತೋರಿಸುತ್ತಿರಲಿಲ್ಲ. ಕೈ ಎದೆಗಿಟ್ಟು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಾಗಿಲ ತನಕ ಹೋಗಿ ಅಲ್ಲಿಂದ ಮಾಯವಾಗುತ್ತಿದ್ದರು. ಸಾಹೇಬರು ಹೆಡ್‌ಮಾಸ್ತರರಿಗೆ, “ಈ ಊರಲ್ಲಿ ದರಬಾರಿನ ಅದಬು, ರೀತಿ ರಿವಾಜು ಬಲ್ಲವರು ಇವರೊಬ್ಬರೇ” ಎಂದು ಮೆಚ್ಚಿ ಹೋದರಂತೆ.

ನನ್ನ ವಿಷಯಕ್ಕೆ ಬಂದರೆ, ಅವರಿಗೆ ತೊದಲಿನ ಮದ್ದು ಗೊತ್ತಿರಲಿಲ್ಲ. ಗೊತ್ತಿದೆ ಎಂದು ಒಂದು ದಿನವೂ ಹೇಳಲಿಲ್ಲ. ಆ ತನಕ ನನ್ನನ್ನು ನೋಡಿದವರೆಲ್ಲ ಮದ್ದು ಬಲ್ಲವರೇ ಆಗಿದ್ದರು. ಒಬ್ಬರು ಬಜೆ ತಿನ್ನಿಸಿದ್ದರು, ಇನ್ನೊಬ್ಬರು ನಾಲಗೆಗೆ ಸುಡುವ ಬೂದಿ ಹಚ್ಚಿದ್ದರು. ಇವರು ಕಟ್ಟೆಯ ಮೇಲೆ ಕುಳಿತು, ಸರಳವಾಗಿ ಅಂದರು.

“ಕೇಳ ಬೇ ಪಾರೂ. ಇಷ್ಟ ದಿನ ನೀ ಮಾತಾಡಾಕ ಟ್ರೈ ಟು ಮಾಡಾಕತ್ತಿದ್ದಿ. ಮಾತು ಏನು ಗುಂಡುಕಲ್ಲೇನು, ಹೆಣಗಾಡಿ ಎತ್ತಾಕ? ನಿನ್ನ ಬಾಯಾಗ ಮಾತು ಅದ, ಎಮ್ಮಿಗೆ ಗೊತ್ತದ. ಅಂದಮ್ಯಾಲ ಟೂ ಬಿಡು. ಹಿಂಗ ಮಾತಾಡಿ ನೋಡು, ಹಂಗ ಮಾತಾಡಿ ನೋಡು. ಆಗ್ಲಿಲ್ಲ ಅಂದ್ರ ಬ್ಯಾರೆ ಇಂಗ್ ಹಚ್ಚೋಣು.”

ಪ್ರಯೋಗಗಳು ಶುರುವಾದವು. ಪಿಸುಮಾತಲ್ಲಿ ಹೇಳಿ ನೋಡು ಎಂದರು, ಸ್ವಲ್ಪ ಹಗುರವಾಯಿತು. ಕೂಗಿ ಹೇಳಿ ನೋಡು ಎಂದರು. ಓಣಿಯ ನಾಯಿಗಳು ಎದ್ದವು. ಬಾಯಲ್ಲಿ ಬೆಲ್ಲದ ಹರಳು ಇಟ್ಟುಕೊಂಡು ಹೇಳಿ ನೋಡು ಎಂದರು. ನಾನು ಬೆಲ್ಲ ನುಂಗಿ, ಅದು ಚೆನ್ನಾಗಿದೆ ಎಂದು ಹೇಳಿ, ಇನ್ನೊಂದು ಹರಳು ಕೇಳಿದೆ. ಬಸ್ಕಿ ಹೊಡೆಯುತ್ತ ಹೇಳಿ ನೋಡು ಎಂದು ಅವರು ಹುಮ್ಮಸ್ಸಿನಲ್ಲಿ ಅಂದಾಗ ಗೌರಮ್ಮ ಕಾಕು ಒಳಗಿನಿಂದಲೇ, “ಹೆಣ್ಣುಡುಗಿಗೆ ಬಸ್ಕಿ ಹೊಡಸ್ತೀರಿ? ನಾಳಿ ಆಕಿನ ಕುಸ್ತಿಗೆ ಕರಕೊಂಡು ಹೋಗ್ರಿ!” ಎಂದು ಗದರಿದರು. ಆ ಪ್ರಯೋಗವನ್ನು ಮಾಸ್ತರರೇ ನನ್ನ ಪರವಾಗಿ ಮಾಡಿ, “ಪಾರ್ವತಿ, ಪಾರ್ವತಿ” ಎಂದು ಏದುಸಿರು ಬಿಡುತ್ತ ಬಸ್ಕಿ ಹೊಡೆದರು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಕಾಕುವಿನ ಜೊತೆ ಬೀಸುವ ಕಲ್ಲಿಗೆ ಕೈ ಹಾಕಿ ಹಾಡಿದರೆ ಮಾತ್ರ ಒಂದಕ್ಷರವೂ ತಡೆಯುತ್ತಿರಲಿಲ್ಲ. ಇದು ತಿಳಿದ ದಿನ ಮಾಸ್ತರರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಹಾಡುತ್ತ ಹಾಡುತ್ತ ಎಷ್ಟು ಬಾಳುವುದು? ಉಪ್ಪು ಕೇಳಲೂ ರಾಗ ಹಾಕಬೇಕೇ? ಅವರು ಬೇಸರಪಡುತ್ತಿರಲಿಲ್ಲ. ಒಂದು ಉಪಾಯ ಕೈಕೊಟ್ಟಾಗಲೆಲ್ಲ ತೊಡೆ ತಟ್ಟಿ, “ಇದು ಆಗೂದಿಲ್ಲ ಅಂತ ಗೊತ್ತಾತು. ಗೊತ್ತಾಗೂದು ಸಣ್ಣ ಮಾತಲ್ಲ” ಎನ್ನುತ್ತಿದ್ದರು. ಸೋತ ಮುಖ ಹೊತ್ತು ನಾನು ಆ ಕಟ್ಟೆಯಿಂದ ಎಂದೂ ಮನೆಗೆ ಬರಲಿಲ್ಲ. ತೊದಲು ಹಾಗೇ ಇತ್ತು. ಅದರ ಭಯ ಮಾತ್ರ ದಿನಕ್ಕಿಷ್ಟು ಸವೆಯುತ್ತಿತ್ತು. ಅದು ನನಗೆ ತಿಳಿದದ್ದು ಬಹಳ ತಡವಾಗಿ.

ಈ ನಡುವೆ ನೆಲೋಗಿಯಿಂದ ಒಂದು ಸಂಬಂಧ ಬಂತು. ಕಾಳಿನ ವ್ಯಾಪಾರಿ, ಹೆಂಡತಿ ತೀರಿಕೊಂಡಿದ್ದಳು, ವಯಸ್ಸು ಅಪ್ಪನಿಗಿಂತ ಸ್ವಲ್ಪ ಕಡಿಮೆ. ನನ್ನ ಹೆಸರು ಕೇಳಿದ, ನಾನು ಪೇಚಾಡುವುದನ್ನು ಉದ್ದಕ್ಕೂ ನೋಡಿದ, ಮುಖ ಅರಳಿಸಿದ. “ಚಲೋನ ಆತು ಬಿಡ್ರಿ. ಮಾತಾಡದ ಹೆಂಡ್ತಿ ಸಿಗೂದು ಏಳು ಜನ್ಮದ ಪುಣ್ಯ. ನನಗ ಒಪ್ಪಿಗಿ ಅದ.”

ಅವ್ವ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ, ಹೇಳಿ ಕಳಿಸುತ್ತೇನೆ ಎಂದು ಅವನನ್ನು ಬೀಳ್ಕೊಟ್ಟ. ಮಾಸ್ತರರಿಗೆ ಸುದ್ದಿ ಮುಟ್ಟಿದಾಗ ಅವರು ಅಂಗಡಿಗೆ ಹೋಗಿ ಅಪ್ಪನ ಪಕ್ಕದಲ್ಲಿ ಕುಳಿತರಂತೆ. “ಜನಾನಾ ಶಾಲಿಗೆ ಉಸ್ತಾನೀನ ಆರಸಾಕ ಇನ್ಸ್‌ಪೆಕ್ಟ್ರೆಸ್ ಬಾಯಿಸಾಹೇಬರು ಮುಂದಿನ ತಿಂಗಳ ಬರ್ತಾರ. ಅಲ್ಲಿ ತನಕ ತಡೀರಿ. ಆಕಿಗೆ ನೌಕರಿ ಸಿಗಲಿಲ್ಲಂದ್ರ ನಾ ನಡುವ ಬಾಯಿ ಹಾಕೂದಿಲ್ಲ” ಎಂದರಂತೆ. ಅಪ್ಪ ಒಪ್ಪಿದ. ಆ ಒಂದು ತಿಂಗಳು ನಾನು ಉಂಡದ್ದು ನೆನಪಿಲ್ಲ, ಓದಿದ್ದು ಮಾತ್ರ ನೆನಪಿದೆ. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಬೆಳಕು ಇರುವ ತನಕ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ.

ಆ ದಿನ ಬಂತು. ಜನಾನಾ ಶಾಲೆಯೊಳಗೆ ಗಂಡಸರು ಕಾಲಿಡುವಂತಿರಲಿಲ್ಲ. ಮಾಸ್ತರರು ಕೋಟು ತೊಟ್ಟು ರಸ್ತೆಯ ಆಚೆಯ ಬೇವಿನ ಮರಕ್ಕೆ ಬೆನ್ನು ಆನಿಸಿ ನಿಂತರು. ಒಳಗೆ ಗುಲಬರ್ಗಾದಿಂದ ಬಂದ ಬಾಯಿಸಾಹೇಬರು. ಬೆಳ್ಳಗಾದ ಕೂದಲು, ದಪ್ಪ ಗಾಜಿನ ಕನ್ನಡಕ. ಅವರ ಸುತ್ತ ನೆಲದ ಮೇಲೆ ಪುಟ್ಟ ಪುಟ್ಟ ಹುಡುಗಿಯರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು.

“ವಾಟ್ ಈಸ್ ಯುವರ್ ನೇಮ್?”

“ಮೈ ನೇಮ್ ಈಸ್ ಪ... ಪ...”

ತುಟಿಗೆ ಬೀಗ ಬಿತ್ತು. ಪಿಸುಗುಟ್ಟಲು ನೋಡಿದೆ, ಅಕ್ಷರ ಎಳೆಯಲು ನೋಡಿದೆ, ಆಗಲಿಲ್ಲ. ಹುಡುಗಿಯರಲ್ಲೊಬ್ಬಳು ಕಿಸಕ್ಕೆಂದಳು. ಬಾಯಿಸಾಹೇಬರು ಒಳ್ಳೆಯವರೇ. ಮುಂದೆ ಬಾಗಿ, ಮೃದುವಾಗಿ ಅಂದರು, “ಟ್ರೈ ಟು ಸ್ಪೀಕ್, ಮೈ ಚೈಲ್ಡ್. ಟ್ರೈ.”

ಎಲ್ಲ ಬಿಟ್ಟು ಟೂ! ಹುಟ್ಟಿದಾರಭ್ಯ ನಾನು ಹೆಣಗುತ್ತ ಬಂದಿದ್ದೆ. ಇವರೂ ಹೆಣಗು ಅನ್ನುತ್ತಿದ್ದಾರಲ್ಲ ಎಂದು ನನಗೆ ಸಿಟ್ಟು ಬಂತು. ಗೌರಿ ಹಾಲು ಚೆಲ್ಲಿದಾಗ ಬಂದಂಥದೇ ಸಿಟ್ಟು.

“ಮೇಡಂ,” ಎಂದೆ. “ಐ ಆಮ್ ಟ್ರೈಯಿಂಗ್ ಟು. ಯು... ಯು ಟ್ರೈ ವೇಟಿಂಗ್.”

ನಾನು ಹೆಣಗುತ್ತಲೇ ಇದ್ದೇನೆ, ನೀವು ಸ್ವಲ್ಪ ಕಾದು ನೋಡಿ ಎಂದು ಹೇಳಿದ್ದೆ. ‘ಪ್ಲೀಸ್’ ಎಂದು ಸೇರಿಸಬೇಕೆಂದು ಆಗ ಹೊಳೆಯಿತು, ಆದರೆ ಅದರ ಮೊದಲಿಗೂ ‘ಪ’ವೇ.

ಬಾಯಿಸಾಹೇಬರು ನನ್ನನ್ನೇ ನೋಡಿದರು. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಕುರ್ಚಿಗೆ ಒರಗಿ, ಕೈ ಕಟ್ಟಿ, ಸಂಜೆಯ ತನಕ ಬೇರೆ ಕೆಲಸವ್ಯಾವುದೂ ಇಲ್ಲವೆಂಬಂತೆ ಕುಳಿತರು. ಯಾರೂ ಅವಸರ ಮಾಡದಿದ್ದಾಗ ಮಾತಿಗೂ ಅವಸರವಿರುವುದಿಲ್ಲ. ನನ್ನ ಹೆಸರು ಬಂತು. ಅದರ ಹಿಂದೆ ಅಪ್ಪನ ಹೆಸರು, ಊರಿನ ಹೆಸರು ಬಂದವು. ಅವರು ಕೊಟ್ಟ ಪುಸ್ತಕದಿಂದ ಒಂದು ಪಾಠ ಓದಿದೆ. ಅಲ್ಲಲ್ಲಿ ಬಿದ್ದೆ, ಎದ್ದೆ, ಮುಂದೆ ಹೋದೆ. ಆಮೇಲೆ ಹುಡುಗಿಯರಿಗೆ ಏನಾದರೂ ಕಲಿಸು ಎಂದಾಗ ಎಬಿಸಿಡಿಯನ್ನು ಬೀಸುವ ಕಲ್ಲಿನ ಹಾಡಿನ ಧಾಟಿಗೆ ಹಾಕಿ ಹಾಡಿಸಿದೆ. ಹಾಡಿಗೆ ಎಲ್ಲರೂ ತಲೆ ಆಡಿಸಿದರು, ಕಿಸಕ್ಕೆಂದವಳು ಎಲ್ಲರಿಗಿಂತ ಜೋರಾಗಿ ಹಾಡಿದಳು.

ಕೊನೆಗೆ ಬಾಯಿಸಾಹೇಬರು ಉರ್ದುವಿನಲ್ಲಿ ಕೇಳಿದರು, “ನೀನು ಮಾತಾಡುವುದು ಕಂಡು ಮಕ್ಕಳು ನಕ್ಕರೆ ಏನು ಮಾಡುತ್ತೀ?”

“ನಗಲಿ ಮೇಡಂ,” ಎಂದೆ. “ನಕ್ಕು ಮುಗಿದ ಮೇಲೆ ಪಾಠ ಶುರು ಮಾಡುತ್ತೇನೆ.”

ಹೊರಗೆ ಬಂದಾಗ ಮಾಸ್ತರರು ಮರ ಬಿಟ್ಟು ಓಡಿ ಬಂದರು. ನಾನು ನಡೆದದ್ದೆಲ್ಲ ಹೇಳಿದೆ. ಅವರ ಮುಖ ಬಿಳುಚಿತು. “ಇನ್ಸ್‌ಪೆಕ್ಟ್ರೆಸ್ ಬಾಯಿಗೆ ವೇಟಿಂಗ್ ಅಂದೀ? ಅಯ್ಯ ಶಿವನ! ನಾ ಅಂಥವರಿಗೆ ಬೆನ್ನ ತೋರಸಾಕ ಅಂಜತೇನಿ, ನೀ ಅವರಿಗೇ ಪಾಠ ಹೇಳಿ ಬಂದೆಲ್ಲ ಬೇ!” ಎಂದವರು ನಾಲ್ಕು ಹೆಜ್ಜೆ ನಡೆದು ನಿಂತುಬಿಟ್ಟರು. “ಟ್ರೈ ವೇಟಿಂಗ್,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮತ್ತೆ ಹೇಳಿಕೊಂಡರು. “ಗ್ರಾಮರ್ ಬರೋಬರಿ ಅದ.” ಆಮೇಲೆ ನಕ್ಕ ನಗುವಿಗೆ ಕೋಟಿನ ಬೆನ್ನು ಇನ್ನೂ ಸ್ವಲ್ಪ ಹರಿಯಿತು.

ನೌಕರಿಯ ಹುಕುಂ ಬರಲು ತಡವಾಯಿತು, ಆದರೆ ಬಂತು. ಅಪ್ಪ ಅಂಗಡಿಯಿಂದ ಒಂದು ಇಳಕಲ್ ಸೀರೆ ತಂದು ಕೊಟ್ಟ. ನೆಲೋಗಿಯವನಿಗೆ ಅಪ್ಪ ಹೇಳಿ ಕಳಿಸಿದ ಮಾತು ಮುಂದೆ ಬಹಳ ದಿನ ಓಣಿಯಲ್ಲಿ ಓಡಾಡಿತು: “ನಮ್ಮ ಹುಡುಗಿ ಈಗ ಭಾಳ ಮಾತಾಡ್ತಾಳ್ರಿ. ನಿಮಗ ತಾಳೂದಿಲ್ಲ.”

ನನ್ನ ತೊದಲು ಹೋಗಲಿಲ್ಲ. ಇವತ್ತಿಗೂ ಇದೆ. ಆದರೆ ಅದರ ಜೊತೆಗೇ ನಾನು ಒಂದು ಜೀವಮಾನ ಪಾಠ ಹೇಳಿದೆ. ಮಾಸ್ತರರಿಗೆ ನಡುವೆ ಆಳಂದಕ್ಕೆ ಬದಲಿಯಾಯಿತು. ಅವರು ಹೋದ ದಿನ ಗುಂಡುಕಲ್ಲನ್ನು ಎತ್ತಿನ ಬಂಡಿಗೆ ಏರಿಸಲು ಹೋಗಿ ಬಂಡಿಯವನ ಜೊತೆ ಜಗಳವಾಯಿತು. ಕಲ್ಲು ಇಲ್ಲೇ ಉಳಿಯಿತು. ನಾನು ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದೆ. ಮುಂದೆ ಜೇವರ್ಗಿಯ ಒಬ್ಬ ಮಾಸ್ತರನ ಜೊತೆ ನನ್ನ ಮದುವೆಯಾಯಿತು. ನೋಡಲು ಬಂದಾಗ ಅವರು ನನ್ನ ಹೆಸರು ಕೇಳಲಿಲ್ಲ. ಯಾವ ಪುಸ್ತಕ ಓದುತ್ತಿದ್ದೀರಿ ಎಂದು ಕೇಳಿದರು.

ಕೊನೆಯ ಸಲ ನಾನು ಮಾಸ್ತರರನ್ನು ನೋಡಿದ್ದು ಮಾದನಹಿಪ್ಪರಗಾದಲ್ಲಿ. ಅದು ಅವರ ಹುಟ್ಟೂರು. ನಿಜಾಮರ ಆಳಿಕೆ ಮುಗಿದಿತ್ತು, ಅವರ ನೌಕರಿಯೂ ಮುಗಿದಿತ್ತು. ನನ್ನ ಮೊದಲ ಮಗುವನ್ನು ತೋರಿಸಲು ಬಸ್ಸಿನಲ್ಲಿ ಧೂಳು ಕುಡಿಯುತ್ತ ಹೋಗಿದ್ದೆ. ಉಬ್ಬಸ ಹತ್ತಿ ಅವರು ಇಳಿದುಹೋಗಿದ್ದರು. ಆ ತೋಳುಗಳ ಮೇಲೆ ಚರ್ಮ ಸಡಿಲ ಅಂಗಿಯಂತೆ ಜೋಲುತ್ತಿತ್ತು. ಆದರೂ ಮಗುವನ್ನು ಎರಡೂ ಅಂಗೈ ಮೇಲೆ ಮಲಗಿಸಿಕೊಂಡು, ಕುಸ್ತಿಯಲ್ಲಿ ಗದೆ ಗೆದ್ದವರ ಹಾಗೆ ಓಣಿಯವರಿಗೆಲ್ಲ ತೋರಿಸಿದರು. ಗೌರಮ್ಮ ಕಾಕು ಗೋಧಿ ಹುಗ್ಗಿ ಮಾಡಿದ್ದರು. ಉಣ್ಣುತ್ತ ಕುಳಿತಾಗ ಮಾಸ್ತರರು, “ಹೆಸರೇನಿಟ್ಟಿ?” ಎಂದರು.

“ಇನ್ನ ತೊಟ್ಲಕ್ಕ ಹಾಕಿಲ್ಲ ಕಾಕಾ. ಮಾವನವರ ಹೆಸರು ಇಡಬೇಕಂತಾರ. ಪರಮೇಶ್ವರ.” ಆ ಹೆಸರು ಹೇಳುವಷ್ಟರಲ್ಲಿ ನನ್ನ ಹುಗ್ಗಿ ಆರಿತ್ತು.

ಅವರು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. “ನೋಡವ್ವ ಪಾರೂ. ಹೊತ್ತಾಕಿ ನೀ, ಹಡದಾಕಿ ನೀ, ದಿನಾ ಕರಿಯಾಕಿ ನೀ. ಮನೆತನದ ಹೆಸರು ಕಾಗದದಾಗ ಇರ್ಲಿ. ಮನ್ಯಾಗ ಕರಿಯಾಕ ನಿನ್ನ ಬಾಯಿಗೆ ಹಗೂರ ಬರೂದು ಒಂದು ಇಡು. ಈರಣ್ಣ ಅನ್ನು, ಅಣ್ಣಾರಾಯ ಅನ್ನು. ಬೆಣ್ಣಿ ಜಾರಿದಂಗ ಬರ್ತದ.”

ಆಗಲಿ ಕಾಕಾ ಎಂದೆ. ಬಸ್ಸಿನ ಹೊತ್ತಾಗಿತ್ತು. ಅವರು ಬಾಗಿಲ ತನಕ ಬಂದರು, ಅದಕ್ಕಿಂತ ಮುಂದೆ ಬರಲಾಗಲಿಲ್ಲ. ಮಗುವಿನ ಕಾಲ್ಬೆರಳುಗಳನ್ನು ಒಮ್ಮೆ ಹಿಡಿದು ಬಿಟ್ಟರು. “ಹುಷಾರಿ ಹೋಗ್ರಿ,” ಎಂದರು.

ಜೋಳ ತೆನೆ ಕಟ್ಟುವ ಮೊದಲೇ ಮಾಸ್ತರರು ತೀರಿಕೊಂಡ ಸುದ್ದಿ ಬಂತು. ಗೌರಮ್ಮ ಕಾಕುವಿನ ತಮ್ಮ ಶಾಲೆಯ ಬಾಗಿಲಿಗೆ ಬಂದು ಹೇಳಿ ಹೋದ. ಅಂದು ಮಕ್ಕಳಿಗೆ ಬೇಗ ರಜೆ ಕೊಟ್ಟು ಖಾಲಿ ಕೋಣೆಯಲ್ಲಿ ಒಬ್ಬಳೇ ಕುಳಿತೆ.

ಆಗಿನ್ನೂ ಮಗನನ್ನು ತೊಟ್ಟಿಲಿಗೆ ಹಾಕಿರಲಿಲ್ಲ. ಆ ಶಾಸ್ತ್ರದ ದಿನ ನಾದಿನಿ, ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು, ನನ್ನ ಕಡೆ ತಿರುಗಿದಳು. ಕಾಗದದಲ್ಲಿ ಪರಮೇಶ್ವರ ಇದ್ದದ್ದೇ, ಮನೆಯಲ್ಲಿ ಏನಂತ ಕರೆಯೋಣ ಎಂದು ಕೇಳಿದಳು. ನಾನು ಬಾಯಿ ತೆರೆದೆ. ತುಟಿ ಕೂಡಿದವು, ಬಿಡಲಿಲ್ಲ. ನೆರೆದ ಹೆಂಗಸರ ಕೈಗಳು ತೊಟ್ಟಿಲ ಮೇಲೆ ನಿಂತವು.

“ಬ... ಬ... ಬಸಣ್ಣ.”

“ಇಷ್ಟ ತ್ರಾಸಿನ ಹೆಸರು ಯಾಕ್ರಿ ವೈನಿ?” ಎಂದಳು ನಾದಿನಿ. “ಹಗೂರದ್ದು ಒಂದು ಇಡಬಾರದೇನು?”

ನಾನು ತಲೆ ಅಲ್ಲಾಡಿಸಿದೆ. ಆ ಹೆಸರನ್ನು ಒಂದೇ ಉಸಿರಿಗೆ ಹೇಳಿ ಮುಗಿಸಲು ನನಗೆ ಮನಸ್ಸಿರಲಿಲ್ಲ.